ಐವತ್ತಕ್ಕೆ ಹೊಸಬ: ಕ್ಯಾಡಿ ಕಾಕಾ ಮತ್ತು ಹಿರಿಯರ ಗಾಲ್ಫ್ ಸರ್ಕ್ಯೂಟ್

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನವನು. ನಮ್ಮ ಕಾಕಾ ಹದಿನಾಲ್ಕನೆಯ ವಯಸ್ಸಿಗೆ ಗುಳೆ ಹೋದವರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆಂದು ಹೋಗಿ, ಪಕ್ಕದ ಗಾಲ್ಫ್ ಮೈದಾನದಲ್ಲಿ ಕ್ಯಾಡಿ, ಅಂದರೆ ಆಟಗಾರರ ಚೀಲ ಹೊರುವವರು, ಆದರು. ಮೂವತ್ತು ವರ್ಷ ಅಲ್ಲೇ ಇದ್ದು ಈಗ ಊರಿಗೆ ಮರಳಿದ್ದಾರೆ. ಕ್ಯಾಡಿಗಳ ಸ್ಪರ್ಧೆಗಳಲ್ಲಿ ಎಷ್ಟೋ ಸಲ ಗೆದ್ದಿದ್ದಾರೆ. ಈಗಲೂ ತೊಗರಿ ಕಟಾವಾದ ಹೊಲದಲ್ಲಿ ಚೆಂಡು ಹೊಡೆಯುತ್ತಾರೆ. ದಾಖಲೆಯ ಪ್ರಕಾರ ಅವರಿಗೆ 47 ವರ್ಷ, ಅಜ್ಜಿಯ ಲೆಕ್ಕದಲ್ಲಿ 50 ದಾಟಿದೆ. ಐವತ್ತು ತುಂಬಿದವರಿಗೆಂದೇ ವಿದೇಶದಲ್ಲಿ ವೃತ್ತಿಪರ ಗಾಲ್ಫ್ ಸರ್ಕ್ಯೂಟ್ ಇದೆ, ಅಲ್ಲಿ ಕೋಟಿಗಟ್ಟಲೆ ಬಹುಮಾನವಿದೆ ಎಂದು ಮೊಬೈಲಿನಲ್ಲಿ ನೋಡಿದ್ದೇವೆ. ನಾಲ್ಕು ಲಕ್ಷ ಕೊಟ್ಟರೆ ಪ್ರವೇಶ ಕೊಡಿಸುವುದಾಗಿ ಒಬ್ಬರು ಹೇಳುತ್ತಿದ್ದಾರೆ. ಮನೆಯಲ್ಲಿ ಒಂದು ಎಕರೆ ಮಾರುವ ಮಾತು ನಡೆದಿದೆ. ಕಾಕಾ ಅಲ್ಲಿ ಆಡಲು ಸಾಧ್ಯವೇ? ಅಲ್ಲಿ ಆಡುವವರ ಬದುಕು ಹೇಗಿರುತ್ತದೆ?

ಉತ್ತರ: ಮೊದಲು ಹೊಲದ ಮಾತು ಮುಗಿಸಿಬಿಡೋಣ. ಮಾರಬೇಡಿ.

ನಾಲ್ಕು ಲಕ್ಷಕ್ಕೆ ಪ್ರವೇಶ ಕೊಡಿಸುತ್ತೇನೆ ಎನ್ನುವವರ ಹತ್ತಿರ ಕೊಡಿಸಲು ಏನೂ ಇಲ್ಲ. ಹಿರಿಯರ ಸರ್ಕ್ಯೂಟಿಗೆ ಇರುವ ದಾರಿಗಳು ಮೂರು. ಒಂದು, ಹಿಂದೆ ದೊಡ್ಡ ಟೂರ್‌ಗಳಲ್ಲಿ (ಊರೂರಿಗೆ ಸಾಗುವ ಸ್ಪರ್ಧೆಗಳ ಸರಣಿಗಳಲ್ಲಿ) ಗೆದ್ದ ದಾಖಲೆ. ಇನ್ನೊಂದು, ಅರ್ಹತಾ ಸುತ್ತು. ಮತ್ತೊಂದು, ಸ್ಪರ್ಧೆ ನಡೆಸುವವರ ಆಹ್ವಾನ. ಮೊದಲನೆಯದು ನಿಮ್ಮ ಕಾಕಾ ಅವರಲ್ಲಿ ಇಲ್ಲ. ಆಹ್ವಾನ ಹೋಗುವುದು ಹೆಸರಿದ್ದವರಿಗೆ. ಉಳಿದದ್ದು ಅರ್ಹತಾ ಸುತ್ತು. ಅದಕ್ಕೆ ಆಟಗಾರನೇ ಅರ್ಜಿ ತುಂಬಿ ಶುಲ್ಕವನ್ನು ನೇರವಾಗಿ ಟೂರ್‌ಗೆ ಕಟ್ಟುತ್ತಾನೆ. ನಡುವೆ ನಿಲ್ಲುವವರಿಗೆ ಅಲ್ಲಿ ಕೆಲಸವೇ ಇಲ್ಲ. ನಾನು ಬೆಂಗಳೂರಿನಲ್ಲಿ ಗಾಲ್ಫ್ ಕಲಿಸುವ ಕೆಲಸ ಬಿಟ್ಟು ಬಳ್ಳಾರಿಗೆ ಬಂದ ಮೇಲೆ ಹೀಗೆ ಹಣ ಕಳೆದುಕೊಂಡ ಮೂವರು ತಂದೆಯರು ಮನೆ ಬಾಗಿಲಿಗೆ ಬಂದಿದ್ದಾರೆ. ಒಬ್ಬರ ಮಗನದು ಕ್ರಿಕೆಟ್, ಇನ್ನೊಬ್ಬರದು ಟೆನಿಸ್, ಮತ್ತೊಬ್ಬರದು ಗಾಲ್ಫ್. ಆಟ ಬೇರೆ ಬೇರೆಯಾದರೂ ರಸೀದಿ ಒಂದೇ ತರಹ: ಬಿಳಿ ಹಾಳೆ, ಮೊಹರಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ.

ಬೇರೆ ಆಟಗಳಲ್ಲಿ ಐವತ್ತೆಂದರೆ ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದು, ವೀಕ್ಷಕ ವಿವರಣೆಯೂ ಹಳತಾದ ವಯಸ್ಸು. ಗಾಲ್ಫ್‌ನಲ್ಲಿ ಮಾತ್ರ ಐವತ್ತನೆಯ ಹುಟ್ಟುಹಬ್ಬದಂದು ಎದ್ದವನು ಒಂದು ಇಡೀ ಸರ್ಕ್ಯೂಟಿನ ಅತಿ ಕಿರಿಯ. ಅಮೆರಿಕದ ಪಿಜಿಎ ಟೂರ್ ಚಾಂಪಿಯನ್ಸ್, ಯುರೋಪಿನ ಲೆಜೆಂಡ್ಸ್ ಟೂರ್ ಎರಡಕ್ಕೂ 50 ವರ್ಷವೇ ಕನಿಷ್ಠ ವಯಸ್ಸು. ಅಮೆರಿಕದ್ದು 1980ರಲ್ಲಿ, ಯುರೋಪಿನದು 1992ರಲ್ಲಿ ಬೇರೆ ಹೆಸರುಗಳಲ್ಲಿ ಆರಂಭವಾದವು. ಜಪಾನಿನಲ್ಲೂ ಹಿರಿಯರ ಟೂರ್ ಇದೆ. ಅಮೆರಿಕದ್ದು ಹುಟ್ಟಿದ ಬಗೆ ಸ್ವಾರಸ್ಯಕರ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 1978ರಲ್ಲಿ ಹಳೆಯ ಆಟಗಾರರನ್ನು ಜೋಡಿಜೋಡಿಯಾಗಿ ಆಡಿಸುವ ‘ಲೆಜೆಂಡ್ಸ್ ಆಫ್ ಗಾಲ್ಫ್’ ಎಂಬ ಸ್ಪರ್ಧೆ ಮಾಡಿದರು. ಮರುವರ್ಷ ಅದು ಸಮವಾಗಿ ಪ್ಲೇಆಫ್‌ಗೆ, ಅಂದರೆ ಗೆಲುವು ತೀರ್ಮಾನಿಸುವ ಹೆಚ್ಚುವರಿ ಆಟಕ್ಕೆ, ಹೋಯಿತು. ಒಂದು ಕಡೆ ರಾಬರ್ಟೊ ಡಿ ವಿಸೆಂಜೊ, ಜೂಲಿಯಸ್ ಬೋರೋಸ್. ಇನ್ನೊಂದು ಕಡೆ ಟಾಮಿ ಬೋಲ್ಟ್, ಆರ್ಟ್ ವಾಲ್. ಆರು ಹೋಲ್ (ಒಂದೊಂದು ಕುಳಿಯವರೆಗಿನ ಆಟ) ಎಳೆದ ಆ ಹಣಾಹಣಿಯಲ್ಲಿ ಮುದುಕರು ಬರ್ಡಿಗೆ ಬರ್ಡಿ (ಪಾರ್ ಎಂಬ ನಿಗದಿತ ಹೊಡೆತಗಳಿಗಿಂತ ಒಂದು ಕಡಿಮೆ) ಹೊಡೆದರು, ಟಿವಿ ಮುಂದೆ ಕುಳಿತವರು ಏಳಲಿಲ್ಲ. ಅದೇ 1979ರ ಸೆಪ್ಟೆಂಬರ್‌ನಲ್ಲಿ ಆರ್ನಾಲ್ಡ್ ಪಾಮರ್ ಅವರಿಗೆ 50 ತುಂಬಿತು. ಅಮೆರಿಕದ ಮನೆಮನೆಗೂ ಗೊತ್ತಿದ್ದ ಮುಖ ಅದು. ವ್ಯಾಪಾರ ಬಲ್ಲವರಿಗೆ ಇನ್ನೇನು ಬೇಕು?

ಈ ಹುಟ್ಟಿನಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಹಿರಿಯರ ಸರ್ಕ್ಯೂಟ್ ಮಾರುವುದು ನೆನಪನ್ನು. ಕಂಪನಿ ನಾಟಕದ ಹಳೆಯ ನಟರೊಬ್ಬರು ಜಾತ್ರೆಯ ಕ್ಯಾಂಪಿಗೆ ಬಂದಿದ್ದಾರೆಂದರೆ ಜನ ನಾಟಕದ ಹೆಸರು ಕೇಳದೆ ಟಿಕೆಟ್ ಕೊಳ್ಳುತ್ತಾರಲ್ಲ, ಹಾಗೆ. ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ‘ಪ್ರೊ-ಆ್ಯಮ್’ ಎಂಬುದು ನಡೆಯುತ್ತದೆ. ಕಂಪನಿಗಳ ಮಾಲೀಕರು, ಅವರ ಅತಿಥಿಗಳು ಹಣ ತೆತ್ತು ತಾವು ಹುಡುಗರಾಗಿದ್ದಾಗ ಟಿವಿಯಲ್ಲಿ ನೋಡಿದ ಆಟಗಾರನ ಜತೆ ಹದಿನೆಂಟು ಹೋಲ್ ಆಡುತ್ತಾರೆ. ಟೂರ್‌ನ ಸಂಸಾರ ನಡೆಯುವುದರಲ್ಲಿ ಈ ಹಣದ ಪಾಲು ದೊಡ್ಡದು. ದೇವದುರ್ಗದಿಂದ ಬಂದ ಅಪರಿಚಿತನ ಜತೆ ಆಡಲು ಯಾವ ಬ್ಯಾಂಕಿನ ಅಧ್ಯಕ್ಷನೂ ಹಣ ಕೊಡುವುದಿಲ್ಲ. ಕಠೋರವಾಗಿ ಕೇಳಿಸಿದರೂ ಹೀಗೆಯೇ ಹೇಳಬೇಕು, ಯಾಕೆಂದರೆ ನಿಮಗೆ ನಾಲ್ಕು ಲಕ್ಷದ ಕನಸು ತೋರಿಸಿದವರು ಇದನ್ನು ಹೇಳುವುದಿಲ್ಲ.

ಅಲ್ಲಿನ ಕುರ್ಚಿಗಳ ಲೆಕ್ಕವನ್ನೂ ನೋಡಿ. ಅಮೆರಿಕದ ಹಿರಿಯರ ಸಾಮಾನ್ಯ ಸ್ಪರ್ಧೆಯೊಂದರಲ್ಲಿ ಆಡುವವರು ಸುಮಾರು 78 ಮಂದಿ. ಅವರಲ್ಲಿ ಬಹುಪಾಲು ಹಿಂದಿನ ಸಾಲಿನಲ್ಲಿ ಚೆನ್ನಾಗಿ ಆಡಿದವರು, ಇಲ್ಲವೇ ಯೌವನದಲ್ಲಿ ದೊಡ್ಡ ಪ್ರಶಸ್ತಿ ಗೆದ್ದವರು. ವರ್ಷಾಂತ್ಯದ ಅರ್ಹತಾ ಸ್ಪರ್ಧೆಯ ಕೊನೆಯ ಹಂತದಲ್ಲಿ ಪೂರ್ಣ ಪ್ರವೇಶ ಸಿಗುವುದು ಮೊದಲ ಐವರಿಗೆ. ಅದಕ್ಕಾಗಿ ಪೈಪೋಟಿ ನಡೆಸುವವರಲ್ಲಿ ಅಮೆರಿಕದ ಕ್ಲಬ್ ಕೋಚ್‌ಗಳು, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಜಪಾನಿನ ಮಾಜಿ ಚಾಂಪಿಯನ್ನರು ಎಲ್ಲರೂ ಇರುತ್ತಾರೆ. ನಮ್ಮ ದೇಶದಿಂದ ಈ ವಯಸ್ಸಿನ ಸಾಲಿಗೆ ಸೇರಿದವರನ್ನು ನೋಡಿದರೂ ಅದೇ ಕಥೆ. ಜೀವ್ ಮಿಲ್ಖಾ ಸಿಂಗ್ 2021ರ ಡಿಸೆಂಬರ್‌ನಲ್ಲಿ ಐವತ್ತು ತುಂಬಿಸಿ ಲೆಜೆಂಡ್ಸ್ ಟೂರ್‌ಗೆ ಹೋದರು. ಅವರ ಹಿಂದೆ ಯುರೋಪಿಯನ್ ಟೂರ್‌ನ ನಾಲ್ಕು ಗೆಲುವುಗಳಿವೆ. ಅರ್ಜುನ್ ಅಟ್ವಾಲ್ ಅವರಿಗೆ 2023ರಲ್ಲಿ ಐವತ್ತಾಯಿತು. 2010ರಲ್ಲಿ ವಿಂಡಮ್ ಚಾಂಪಿಯನ್‌ಷಿಪ್ ಗೆದ್ದು ಅಮೆರಿಕದ ಮುಖ್ಯ ಸರ್ಕ್ಯೂಟಾದ ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ ಎನಿಸಿಕೊಂಡವರು ಅವರು. ಫಿಜಿಯ ಭಾರತೀಯ ಮೂಲದ ವಿಜಯ್ ಸಿಂಗ್ 2018ರಲ್ಲಿ ಹಿರಿಯರ ಮೇಜರ್ (ಅತಿ ದೊಡ್ಡ ಸ್ಪರ್ಧೆಗಳಲ್ಲೊಂದು) ಗೆದ್ದರು. ಅವರು ಪಿಜಿಎ ಟೂರ್‌ನಲ್ಲಿ ಗೆದ್ದ 34ರಲ್ಲಿ 22 ಗೆಲುವುಗಳು ನಲವತ್ತು ದಾಟಿದ ಮೇಲೆ ಬಂದವು. ಅಂದರೆ ಅವರು ಐವತ್ತಕ್ಕೆ ಬಂದಾಗ ಇಳಿಜಾರಿನಲ್ಲಿರಲಿಲ್ಲ, ಇನ್ನೂ ದಿಬ್ಬದ ಮೇಲಿದ್ದರು.

ಹಾಗಾದರೆ ಹೊರಗಿನವರಿಗೆ ಬಾಗಿಲು ಪೂರ್ತಿ ಮುಚ್ಚಿದೆಯೇ? ಇಲ್ಲ. ನನಗೆ ಬಹಳ ಇಷ್ಟದ ಕಥೆ ಟೆಕ್ಸಾಸ್‌ನ ಏಜಲ್ ಎಂಬ ಊರಿನ ರಾಬರ್ಟ್ ಲ್ಯಾಂಡರ್ಸ್ ಅವರದು. ಕೆಲಸ ಹೋದ ಮೇಲೆ ದನ ಸಾಕಿ, ಸೌದೆ ಕಡಿದು ಮಾರಿ ಬದುಕುತ್ತಿದ್ದವರು. ಅಭ್ಯಾಸವೆಲ್ಲ ತಮ್ಮದೇ ದನದ ಹುಲ್ಲುಗಾವಲಿನಲ್ಲಿ. ಅಂಥವರು 1995ರ ಸಾಲಿಗೆ ಅರ್ಹತಾ ಸುತ್ತು ದಾಟಿ ಹಿರಿಯರ ಟೂರ್‌ಗೆ ಬಂದರು. ಪತ್ರಿಕೆಗಳು ಕುಣಿದಾಡಿದವು. ಆದರೆ ಅವರಿಗೆ ಅಲ್ಲಿ ಒಂದು ಗೆಲುವೂ ದಕ್ಕಲಿಲ್ಲ. ನಿಮ್ಮ ಕಾಕಾ ತೊಗರಿ ಹೊಲದಲ್ಲಿ ಚೆಂಡು ಹೊಡೆಯುತ್ತಾರೆಂದು ಓದಿದಾಗ ನನಗೆ ಮೊದಲು ನೆನಪಾದವರು ಲ್ಯಾಂಡರ್ಸ್. ಎರಡನೆಯದಾಗಿ ನೆನಪಾದದ್ದು, ಆ ಕಥೆಯನ್ನು ಹೇಳುವವರು ಬಾಗಿಲು ದಾಟಿದ ಕ್ಷಣಕ್ಕೇ ನಿಲ್ಲಿಸಿಬಿಡುತ್ತಾರೆ ಎಂಬುದು.

ಗೆದ್ದು ತೋರಿಸಿದವರೂ ಇದ್ದಾರೆ. ಇಲಿನಾಯ್‌ನ ಒಂದು ಸಣ್ಣ ಊರಿನ ಕ್ಲಬ್ ಕೋಚ್ ಟಾಮ್ ವಾರ್ಗೊ 1993ರಲ್ಲಿ ಹಿರಿಯರ ಪಿಜಿಎ ಚಾಂಪಿಯನ್‌ಷಿಪ್ ಗೆದ್ದರು. ಅಲೆನ್ ಡಾಯ್ಲ್ 46ನೆಯ ವಯಸ್ಸಿಗೆ ವೃತ್ತಿಪರರಾದವರು. ಅದುವರೆಗೆ ಜಾರ್ಜಿಯಾದಲ್ಲಿ ಚೆಂಡು ಹೊಡೆಯುವ ಅಭ್ಯಾಸ ಮೈದಾನವೊಂದನ್ನು ನಡೆಸುತ್ತಿದ್ದರು. ಐಸ್ ಹಾಕಿ ಆಡಿ ಬೆಳೆದವರಾದ್ದರಿಂದ ಅವರ ಸ್ವಿಂಗ್ ಹಾಕಿ ಕೋಲು ಬೀಸಿದಂತೆ ಗಿಡ್ಡ. ಹಿರಿಯರ ನಾಲ್ಕು ಮೇಜರ್‌ಗಳನ್ನು ಗೆದ್ದರು. ಇವರನ್ನು ತೋರಿಸಿ ‘ನೋಡಿ, ಯಾರು ಬೇಕಾದರೂ ಆಗಬಹುದು’ ಎನ್ನುವವರುಂಟು. ಆದರೆ ಡಾಯ್ಲ್ ವೃತ್ತಿಪರರಾಗುವ ಮುಂಚೆಯೇ ಅಮೆರಿಕದ ಅಗ್ರ ಹವ್ಯಾಸಿಗಳಲ್ಲಿ ಒಬ್ಬರು, ದೇಶದ ತಂಡದಲ್ಲಿ ಆಡಿದವರು. ತಡವಾಗಿ ಬಂದರು ನಿಜ, ಆದರೆ ಬರಿಗೈಯಲ್ಲಿ ಬಂದವರಲ್ಲ.

ಈಗ ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ಬೆಂಗಳೂರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಗಾಲ್ಫ್ ಕಲಿಸಿದ ಮೇಲೆ, 51ನೆಯ ವಯಸ್ಸಿನಲ್ಲಿ ನಾನೂ ಯುರೋಪಿನ ಒಂದು ಅರ್ಹತಾ ಸುತ್ತಿಗೆ ಹೋಗಿದ್ದೆ. ವಿಮಾನ, ವೀಸಾ, ವಾಸ, ಶುಲ್ಕ ಎಲ್ಲ ಸೇರಿ ಆಗ ಮೂರೂವರೆ ಲಕ್ಷ ಬಿದ್ದಿತು. ಬೆಳಿಗ್ಗೆ ಒಂಬತ್ತು ಡಿಗ್ರಿ, ಜಿಟಿಜಿಟಿ ಮಳೆ. ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಕಂಡ ಬಳ್ಳಾರಿಯ ಮೈ ನನ್ನದು. ಮೂರು ಪದರ ಬಟ್ಟೆ ತೊಟ್ಟು ನಿಂತರೆ ಭುಜ ಅರ್ಧವೇ ತಿರುಗುತ್ತಿತ್ತು. ಮೂರನೆಯ ಹೋಲ್‌ನಲ್ಲಿ ಬಾವುಟಕ್ಕೆ 150 ಗಜ. ಮೂವತ್ತು ವರ್ಷದಿಂದ ನನಗೆ 150 ಗಜವೆಂದರೆ ಏಳನೆಯ ನಂಬರಿನ ಐರನ್ ಎಂಬ ಕೋಲು, ಅದರಲ್ಲಿ ಯೋಚಿಸುವುದೇನಿಲ್ಲ. ಹೊಡೆದೆ. ಕೈಗೆ ಸರಿಯಾಗಿಯೇ ಬಂತು. ಚೆಂಡು ಹದಿನೈದು ಗಜ ಮೊದಲೇ ಮರಳಿನ ಗುಂಡಿಯಲ್ಲಿ ಬಿತ್ತು. ತಂಪು ಗಾಳಿಯಲ್ಲಿ ಚೆಂಡು ಕಡಿಮೆ ಹಾರುತ್ತದೆ ಎಂದು ನಾನೇ ಶಿಷ್ಯರಿಗೆ ನೂರು ಸಲ ಹೇಳಿದ್ದೆ. ಬಾಯಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಹೊಡೆತಕ್ಕೂ ಅನುಮಾನ ಅಂಟಿಕೊಂಡಿತು. ಹದಿನಾಲ್ಕನೆಯ ಹೋಲ್‌ನಲ್ಲಿ ಮೂರಡಿಯ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಮೆಲು ಹೊಡೆತ) ಕುಳಿಯ ಅಂಚಿಗೂ ತಾಗದೆ ಪಕ್ಕಕ್ಕೆ ಹೋಯಿತು. ಆ ದಿನ ಒಟ್ಟು 79 ಹೊಡೆದೆ; ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ನನ್ನ ಜತೆ ಆಡಿದ, ನನಗಿಂತ ನಾಲ್ಕು ವರ್ಷ ಹಿರಿಯನಾದ ಮನುಷ್ಯ 67 ಹೊಡೆದು, ಕೈ ಕುಲುಕಿ, ಕಾರಿನ ಡಿಕ್ಕಿಯಿಂದ ಫ್ಲಾಸ್ಕ್ ತೆಗೆದು ನನಗೂ ಚಹಾ ಕೊಟ್ಟ. ಆತನ ಹೆಸರು ಅಲ್ಲಿಯವರೆಗೆ ನಾನು ಕೇಳಿಯೇ ಇರಲಿಲ್ಲ. ಬಾಗಿಲಿನಾಚೆ ಕುಳಿತಿರುವವರ ಮಾತು ಹಾಗಿರಲಿ, ಬಾಗಿಲ ಬಳಿ ಕಾಯುತ್ತಿರುವವರೇ ಎಂಥವರು ಎಂಬುದು ಅಂದು ತಿಳಿಯಿತು.

ಮೂರಡಿ ಪಟ್ ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ನಿಲ್ಲಬೇಕು. ವಯಸ್ಸಾದಂತೆ ಮೊದಲು ಹೋಗುವುದು ದೂರ ಎಂದು ಎಲ್ಲರೂ ತಿಳಿದಿದ್ದಾರೆ. ದೂರ ಕಡಿಮೆಯಾಗುವುದು ನಿಜ, ಆದರೆ ಹೊಸ ಕ್ಲಬ್‌ಗಳು, ಹೊಸ ಚೆಂಡುಗಳು ಅದನ್ನು ಒಂದಷ್ಟು ತುಂಬಿಕೊಡುತ್ತವೆ. ಹಿರಿಯರ ಟೀಗಳನ್ನೂ (ಮೊದಲ ಹೊಡೆತ ಹೊಡೆಯುವ ಜಾಗಗಳನ್ನೂ) ಸಾಮಾನ್ಯವಾಗಿ ಮುಂದಕ್ಕೆ ಇಟ್ಟಿರುತ್ತಾರೆ. ಏನೇ ಮಾಡಿದರೂ ತುಂಬಿಕೊಡಲಾಗದ್ದು ಪಟರ್ (ಪಟ್ ಮಾಡುವ ಕೋಲು) ಹಿಡಿದ ಕೈಯ ಧೈರ್ಯ. ಟಾಮ್ ವಾಟ್ಸನ್ 2009ರಲ್ಲಿ, 59ನೆಯ ವಯಸ್ಸಿನಲ್ಲಿ, ಟರ್ನ್‌ಬೆರಿಯಲ್ಲಿ ಬ್ರಿಟಿಷ್ ಓಪನ್ ಗೆಲ್ಲಲು ಕೊನೆಯ ಹೋಲ್‌ನಲ್ಲಿ ಒಂದು ಪಾರ್ ಸಾಕಿತ್ತು. ನಾಲ್ಕು ದಿನ ಹುಡುಗರನ್ನೆಲ್ಲ ಹಿಂದೆ ಹಾಕಿದ್ದ ಮನುಷ್ಯ ಎಂಟು ಅಡಿಯ ಆಸುಪಾಸಿನ ಪಟ್ ತಪ್ಪಿಸಿಕೊಂಡು ಪ್ಲೇಆಫ್‌ನಲ್ಲಿ ಸೋತರು. ಸೋತದ್ದು ಕಾಲಲ್ಲ, ಸೊಂಟವಲ್ಲ.

ಬರ್ನ್‌ಹಾರ್ಡ್ ಲ್ಯಾಂಗರ್ ಅವರ ವೃತ್ತಿಯನ್ನು ಇದೇ ಕಣ್ಣಿನಿಂದ ನೋಡಬೇಕು. ಜರ್ಮನಿಯ ಹಳ್ಳಿಯೊಂದರ ಗೌಂಡಿಯ ಮಗ. ಚಿಕ್ಕ ಹುಡುಗನಾಗಿದ್ದಾಗಲೇ ಕ್ಯಾಡಿಯಾಗಿ ಚೀಲ ಹೊತ್ತವರು. ಇದನ್ನು ನಿಮ್ಮ ಕಾಕಾ ಅವರಿಗೆ ಅಗತ್ಯವಾಗಿ ಹೇಳಿ. ಇವರಿಗೆ ಯೌವನದಿಂದಲೇ ‘ಯಿಪ್ಸ್’ ಎಂಬ ಕಾಟ. ಪಟ್ ಮಾಡುವ ಗಳಿಗೆಯಲ್ಲಿ ಮಣಿಕಟ್ಟು ತಾನಾಗಿ ಸೆಳೆದುಬಿಡುತ್ತದೆ. ವರ್ಷಾನುಗಟ್ಟಲೆ ಲೆಕ್ಕ ಬರೆದ ಗುಮಾಸ್ತರ ಬೆರಳು ಪೆನ್ನು ಹಿಡಿದ ಕೂಡಲೇ ಸೆಟೆದುಕೊಳ್ಳುತ್ತದಲ್ಲ, ಆ ಜಾತಿಯದು. ಈ ಕಾಟ ಬಂದ ಎಷ್ಟೋ ಜನ ಆಟವನ್ನೇ ಬಿಟ್ಟರು. ಲ್ಯಾಂಗರ್ ಹಿಡಿತ ಬದಲಿಸಿದರು. ಎಡಗೈಯನ್ನು ಪಟರ್‌ನ ಕೆಳಕ್ಕೆ ಇಳಿಸಿ, ಬಲಗೈಯಿಂದ ಎಡ ಮುಂಗೈಯನ್ನೂ ಪಟರ್‌ನ ದಂಡವನ್ನೂ ಸೇರಿಸಿ ಅದುಮಿ ಹಿಡಿದರು. ಮುರಿದ ಕೈಗೆ ದಬ್ಬೆ ಕಟ್ಟಿದಂತೆ ಕಾಣುತ್ತಿತ್ತು. ಆ ಹಿಡಿತದಲ್ಲೇ 1993ರಲ್ಲಿ ಎರಡನೆಯ ಬಾರಿ ಮಾಸ್ಟರ್ಸ್ ಎಂಬ ಮೇಜರ್ ಗೆದ್ದರು. ಆಮೇಲೆ ಎದೆಯೆತ್ತರದ ಉದ್ದ ಪಟರ್‌ಗೆ ಬಂದರು. ಪಟರ್ ಅನ್ನು ಮೈಗೆ ಆನಿಸಿ ಹೊಡೆಯುವುದನ್ನು 2016ರಿಂದ ನಿಯಮ ನಿಷೇಧಿಸಿದಾಗ, ಎದೆಯಿಂದ ಕೈಯನ್ನು ಒಂದಿಷ್ಟು ದೂರ ಹಿಡಿದು ಅದೇ ಪಟರ್‌ನಲ್ಲಿ ಮುಂದುವರಿದರು. ಹಿರಿಯರ ಟೂರ್‌ಗೆ 2007ರಲ್ಲಿ ಬಂದವರು 2023ರಲ್ಲಿ ಯುಎಸ್ ಸೀನಿಯರ್ ಓಪನ್ ಗೆದ್ದು ಹೇಲ್ ಇರ್ವಿನ್ ಅವರ 45 ಗೆಲುವುಗಳ ದಾಖಲೆ ದಾಟಿದರು. ಮರುವರ್ಷದ ಆರಂಭದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರೂ ಕೆಲವೇ ತಿಂಗಳಲ್ಲಿ ಮೈದಾನಕ್ಕೆ ಮರಳಿ, ನವೆಂಬರ್‌ನಲ್ಲಿ, 67ನೆಯ ವಯಸ್ಸಿನಲ್ಲಿ 47ನೆಯ ಗೆಲುವು ಪಡೆದರು. ಇದು ಸಾಮಾನ್ಯ ಮನುಷ್ಯರ ಲೆಕ್ಕವಲ್ಲ. ಸಾಮಾನ್ಯವಾಗಿ ಹಿರಿಯರ ಸರ್ಕ್ಯೂಟಿನಲ್ಲಿ ಗೆಲ್ಲುವ ಕಾಲ 50ರಿಂದ 55. ಅದಾದ ಮೇಲೆ ಪ್ರತಿ ವರ್ಷ ಹೊಸ ಐವತ್ತರವರು ಬರುತ್ತಲೇ ಇರುತ್ತಾರೆ, ಕೆಳಗಿನಿಂದ ನೀರು ಏರಿದ ಹಾಗೆ.

ದಿನನಿತ್ಯದ ಬದುಕು ಹೇಗೆ ಎಂದು ಕೇಳಿದ್ದೀರಿ. ಪ್ರವೇಶ ಸಿಕ್ಕವರಿಗೆ ಅದು ಆರಾಮದ್ದೇ. ಹೆಚ್ಚಿನ ಸ್ಪರ್ಧೆ ಮೂರು ದಿನ, 54 ಹೋಲ್. ಮುಖ್ಯ ಟೂರ್‌ಗಳಲ್ಲಿ ಎರಡು ದಿನದ ನಂತರ ಅರ್ಧದಷ್ಟು ಮಂದಿ ‘ಕಟ್’ ಆಗಿ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಇಲ್ಲಿ ಹೆಚ್ಚಿನ ಸ್ಪರ್ಧೆಗಳಲ್ಲಿ ಕಟ್ ಇಲ್ಲ, ಕೊನೆಯವನಿಗೂ ಏನಾದರೂ ಸಿಗುತ್ತದೆ. ಮೇಜರ್‌ಗಳನ್ನು ಬಿಟ್ಟರೆ ಬಹುತೇಕ ಕಡೆ ಬ್ಯಾಟರಿ ಗಾಡಿಯಲ್ಲಿ ಓಡಾಡಬಹುದು. ಗೆದ್ದವನಿಗೆ ಒಟ್ಟು ಬಹುಮಾನದ ಶೇ 15ರ ಆಸುಪಾಸು. ಕ್ಯಾಡಿಗೆ ವಾರದ ಕೂಲಿಯ ಮೇಲೆ, ಗೆದ್ದರೆ ಶೇ 10 ಕೊಡುವುದು ರೂಢಿ. ಹೊರಗಿನಿಂದ ಬಂದವನಿಗೆ ಇದೆಲ್ಲ ತಿರುಗುಮುರುಗು. ವಿಮಾನ ಅವನದು, ಹೋಟೆಲ್ ಅವನದು, ಸೋತ ವಾರದ ಖರ್ಚೂ ಅವನದೇ. ಯುರೋಪಿನ ಟೂರ್‌ನಲ್ಲಿ ಬಹುಮಾನ ಅಮೆರಿಕಕ್ಕಿಂತ ಬಹಳ ಕಡಿಮೆ. ಭಾರತದಲ್ಲಿ ಹಿರಿಯ ವೃತ್ತಿಪರರಿಗೆ ವರ್ಷವಿಡೀ ಹೊಟ್ಟೆ ತುಂಬಿಸುವಂಥ ಸರ್ಕ್ಯೂಟ್ ಇಲ್ಲ.

ಇಷ್ಟಾಗಿ, ನಿಮ್ಮ ಕಾಕಾ ಅವರ ಬಳಿ ಇರುವುದೇನು? ಕಡಿಮೆ ಏನಲ್ಲ. ಕ್ಯಾಡಿಗಳು ಆಟ ಕಲಿಯುವ ಶಾಲೆಯೇ ಬೇರೆ. ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು; 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಬೆಂಗಳೂರಿನಲ್ಲೇ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಅದೇ ಪ್ರಶಸ್ತಿ ಗೆದ್ದರು. ಕೋಲ್ಕತ್ತದಲ್ಲಿ ಹುಲ್ಲು ನೋಡಿಕೊಳ್ಳುವ ನೌಕರರೊಬ್ಬರ ಮಗ ಎಸ್.ಎಸ್.ಪಿ. ಚೌರಾಸಿಯಾ ಅದನ್ನು 2016, 2017ರಲ್ಲಿ ಸತತವಾಗಿ ಗೆದ್ದರು. ಇವರೆಲ್ಲ ಮೊದಲು ಕಲಿತದ್ದು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಓದುವುದನ್ನು.

ಗ್ರೀನ್ ಓದುವುದೆಂದರೆ ಏನು ಎಂದು ಕಾಕಾ ಅವರನ್ನೇ ಕೇಳಿ, ಹೊಲದ ಬದುವಿನಲ್ಲೇ ತೋರಿಸಿಯಾರು. ಗಣಪತಿಗೆ ಏರಿಸುವ ಗರಿಕೆ, ನಮ್ಮ ಹೊಲಗಳಲ್ಲಿ ಕಿತ್ತಷ್ಟೂ ಚಿಗುರುವ ಕರಕಿ ಇದೆಯಲ್ಲ, ಜಗತ್ತು ಅದನ್ನೇ ಬರ್ಮುಡಾ ಹುಲ್ಲು ಎನ್ನುತ್ತದೆ. ನಮ್ಮ ಕಡೆಯ ಗ್ರೀನ್‌ಗಳಲ್ಲಿ ಹೆಚ್ಚಾಗಿ ಇರುವುದು ಅದರ ಮಿಶ್ರತಳಿ, ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ್ದು. ಈ ಹುಲ್ಲು ನೆಟ್ಟಗೆ ಬೆಳೆಯುವುದಿಲ್ಲ, ಒಂದು ಕಡೆಗೆ ಮಲಗುತ್ತದೆ. ನಿಂತಲ್ಲಿಂದ ನೋಡಿದಾಗ ಹುಲ್ಲು ಹೊಳೆದರೆ ಅದು ನಿಮ್ಮಿಂದಾಚೆಗೆ ಮಲಗಿದೆ, ಚೆಂಡು ಓಡುತ್ತದೆ. ಮಂಕಾಗಿ ದಟ್ಟ ಹಸಿರು ಕಂಡರೆ ನಿಮ್ಮತ್ತ ಮಲಗಿದೆ, ಚೆಂಡು ಕಾಲೆಳೆಯುತ್ತದೆ. ಇನ್ನೂ ಅನುಮಾನವಿದ್ದರೆ ಕುಳಿಯ ಬಾಯಿಗೆ ಬಗ್ಗಿ ನೋಡಬೇಕು. ಒಂದು ಕಡೆಯ ಅಂಚು ಚೊಕ್ಕವಾಗಿರುತ್ತದೆ, ಇನ್ನೊಂದು ಕಡೆ ಬೇರು ಕಡಿದುಹೋಗಿ ಹುಲ್ಲು ಒಣಗಿ ಅಂಚು ಮುಕ್ಕಾಗಿರುತ್ತದೆ. ಹುಲ್ಲು ಮಲಗಿರುವುದು ಆ ಮುಕ್ಕಾದ ಕಡೆಗೆ. ಮೂವತ್ತು ವರ್ಷ ದಿನಕ್ಕೆ ಹದಿನೆಂಟು ಸಲ ಇದನ್ನು ನೋಡಿದ ಕಣ್ಣನ್ನು ಯಾವ ಅಕಾಡೆಮಿಯೂ ತಯಾರಿಸಲಾರದು.

ಆದರೆ ಈ ವಿದ್ಯೆ ಎಲ್ಲ ಊರಿನಲ್ಲೂ ನಡೆಯುವುದಿಲ್ಲ. ಫ್ಲಾರಿಡಾ, ಟೆಕ್ಸಾಸ್ ಕಡೆಯ ಬಿಸಿಲಿನ ಮೈದಾನಗಳಲ್ಲಿ ಗರಿಕೆಯ ವಂಶವೇ ಹೆಚ್ಚು, ಅಲ್ಲಿ ನಡೆಯುತ್ತದೆ. ಬ್ರಿಟನ್, ಉತ್ತರ ಯುರೋಪಿನ ಚಳಿ ನಾಡಿನಲ್ಲಿ ಹುಲ್ಲಿನ ಜಾತಿಯೇ ಬೇರೆ. ಅದು ಇಷ್ಟು ಹಟಮಾರಿಯಾಗಿ ಒಂದು ಕಡೆಗೆ ಮಲಗುವುದಿಲ್ಲ. ಅಲ್ಲಿ ಇಳಿಜಾರು, ತೇವ, ಗಾಳಿಗಳದ್ದೇ ಆಟ. ನನ್ನ ಮೂರಡಿ ಪಟ್ ಹಾಳಾದದ್ದೂ ಹೀಗೆಯೇ: ಇಲ್ಲದ ಗರಿಕೆಗೆ ಜಾಗ ಬಿಟ್ಟು ಹೊಡೆದಿದ್ದೆ.

ಕಾಕಾ ಅವರಿಗೆ ಎರಡು ಮಾತು ಮುಟ್ಟಿಸಿ. ಬೇಸಿಗೆಯಲ್ಲಿ ಎರೆ ಹೊಲ ಕೈ ಹೋಗುವಷ್ಟು ಬಿರುಕು ಬಿಟ್ಟು ಕಲ್ಲಾಗಿರುವಾಗ ಅದರ ಮೇಲಿಂದ ಐರನ್ ಹೊಡೆಯಬಾರದು. ಪ್ರತಿ ಹೊಡೆತದ ಪೆಟ್ಟು ಮೊಣಕೈಯ ಒಳಗಿನ ಎಲುಬಿಗೆ ಕೂರುತ್ತದೆ, ಆ ವಯಸ್ಸಿನಲ್ಲಿ ಕೂತರೆ ಏಳುವುದಿಲ್ಲ. ನಾಲ್ಕು ಪದರ ಗೋಣಿಚೀಲ ಹಾಸಿ ಅದರ ಮೇಲೆ ಚೆಂಡಿಡಲಿ. ಪಟ್ ಅಭ್ಯಾಸಕ್ಕೆ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ತೆಳು ಜಮಖಾನ ಸಾಕು. ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು 42.67, ಎಂದರೆ ಕುಳಿಯಲ್ಲಿ ಸಾಲಾಗಿ ಎರಡೂವರೆ ಚೆಂಡು ಹಿಡಿಸುತ್ತದೆ. ನೀರು ಕುಡಿಯುವ ಸ್ಟೀಲ್ ಲೋಟ ಮಲಗಿಸಿಟ್ಟರೆ ಅದರ ಬಾಯಿ ಇದಕ್ಕಿಂತ ಕಿರಿದು. ಆರಡಿ ದೂರದಿಂದ ಅದಕ್ಕೆ ದಿನಕ್ಕೆ ನೂರು ಚೆಂಡು ಹಾಕಲಿ. ಇನ್ನೊಂದು, ಮೂವತ್ತು ವರ್ಷ ಒಂದೇ ಹೆಗಲಿಗೆ ಚೀಲ ಹೊತ್ತವರ ಭುಜ ಒಂದು ಕಡೆ ತಗ್ಗಿರುತ್ತದೆ. ಅಂಗಿ ಬಿಚ್ಚಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ನೋಡಿ. ತಗ್ಗಿದ್ದರೆ ರಾಯಚೂರಿನಲ್ಲಿ ಫಿಸಿಯೊಥೆರಪಿ ಬಲ್ಲವರಿಗೆ ತೋರಿಸುವುದು ಹೊಸ ಕ್ಲಬ್ ಕೊಳ್ಳುವುದಕ್ಕಿಂತ ಮೊದಲ ಕೆಲಸ.

ಅರ್ಹತಾ ಸುತ್ತಿನ ಯೋಚನೆಗಿಂತ ಮುಂಚೆ ಒಂದು ಅಗ್ಗದ ಪರೀಕ್ಷೆ ಇದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪರಿಚಿತರ ಮೂಲಕ, ಪೂರ್ತಿ ಹದಿನೆಂಟು ಹೋಲ್‌ನ ಮೈದಾನದಲ್ಲಿ, ಹಿಂದಿನ ಟೀಗಳಿಂದ, ಇಪ್ಪತ್ತು ಸುತ್ತು ಆಡಲಿ. ಪ್ರತಿ ಪಟ್ ಕುಳಿಗೆ ಬೀಳುವವರೆಗೆ ಆಡಬೇಕು. ಗೆಳೆಯರು ‘ಸಾಕು ಬಿಡು, ಬಿದ್ದ ಹಾಗೇ’ ಎಂದು ಎತ್ತಿಕೊಡುವಂತಿಲ್ಲ. ಕಾರ್ಡು ಇನ್ನೊಬ್ಬರು ಬರೆಯಬೇಕು. ಸರಾಸರಿ 70ರ ಒಳಗಿದ್ದರೆ ನನಗೆ ಫೋನ್ ಮಾಡಿ, ನಾನೇ ದೇವದುರ್ಗಕ್ಕೆ ಬರುತ್ತೇನೆ. 72, 73 ಬಂದರೆ ಅದು ಒಳ್ಳೆಯ ಆಟ, ಆದರೆ ಆ ಸರ್ಕ್ಯೂಟಿನಲ್ಲಿ ಖರ್ಚು ಹುಟ್ಟಿಸುವ ಆಟವಲ್ಲ. ಅದಕ್ಕಿಂತ ಮೇಲಾದರೆ ಹೊಲದಲ್ಲಿ ಸಂಜೆ ಹೊತ್ತು ಸುಖವಾಗಿ ಆಡಿಕೊಂಡಿರಲಿ.

ಇನ್ನೊಂದು ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಕಾಕಾ ಎಂದಾದರೂ ಹಣ ಪಡೆದು ಆಟ ಕಲಿಸಿದ್ದಾರೆಯೇ? ಚೀಲ ಹೊತ್ತು ಕೂಲಿ ಪಡೆದರೆ ಹವ್ಯಾಸಿ ಎಂಬ ಪಟ್ಟಕ್ಕೆ ಧಕ್ಕೆ ಇಲ್ಲ. ಕಲಿಸಿ ಹಣ ಪಡೆದರೆ ಇದೆ. ಅವರು ಇನ್ನೂ ಹವ್ಯಾಸಿಯೇ ಆಗಿದ್ದರೆ ದೇಶದೊಳಗಿನ ಹಿರಿಯ ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಮೊದಲು ಆಡಿ ನೋಡಬಹುದು. ಖರ್ಚು ರೈಲಿನದು, ವಿಮಾನದ್ದಲ್ಲ. ಅವಸರಪಟ್ಟು ವೃತ್ತಿಪರ ಎಂದು ಬರೆಸಿಕೊಂಡರೆ ಆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಸಲು ಅರ್ಜಿ ಹಾಕಿ ಕಾಯಬೇಕು.

ಆಟದಿಂದಲೇ ಅನ್ನ ಹುಟ್ಟಬೇಕೆಂದರೆ ನನ್ನ ಕಣ್ಣಿಗೆ ಕಾಣುವುದು ಬೇರೆ ದಾರಿ. ಹುಲ್ಲಿನ ಗುಣ ಬಲ್ಲ, ನೀರು ಹಾಯಿಸುವ ಹದ ಬಲ್ಲ, ರೈತಾಪಿ ಮನೆಯಲ್ಲಿ ಹುಟ್ಟಿದ ಮನುಷ್ಯ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಹೇಳಿ ಮಾಡಿಸಿದವರು. ಗ್ರೀನ್‌ಗೆ ಯಾವಾಗ ಮರಳು ಹಾಕಬೇಕು, ಯಾವ ರೋಗಕ್ಕೆ ಏನು ಎಂದು ತಿಳಿದವರಿಗಾಗಿ ಕ್ಲಬ್‌ಗಳು ಹುಡುಕಾಡುವುದನ್ನು ಕಂಡಿದ್ದೇನೆ. ಮಕ್ಕಳಿಗೆ ಕಲಿಸುವುದೂ ಇದೆ, ಆದರೆ ಅದಕ್ಕೆ ಬೆಂಗಳೂರಿಗೆ ಮರಳಬೇಕಾಗುತ್ತದೆ. ಒಮ್ಮೆ ಗುಳೆ ಹೋಗಿ ಬಂದವರನ್ನು ಮತ್ತೆ ಹೋಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೆ ಅಜ್ಜಿಯ ಲೆಕ್ಕ. ನೀವು ಅದನ್ನು ತಮಾಷೆಗೆ ಬರೆದಿರಬಹುದು, ನಾನು ತಮಾಷೆಗೆ ಓದಲಿಲ್ಲ. ನಮ್ಮ ಕಡೆ ಆ ವಯಸ್ಸಿನ ಅರ್ಧ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು, ನನ್ನದೂ ಅದೇ. ಟೂರ್‌ನವರು ನೋಡುವುದು ಪಾಸ್‌ಪೋರ್ಟ್‌ನ ತಾರೀಕನ್ನು, ಅಜ್ಜಿಯನ್ನು ಕೇಳುವುದಿಲ್ಲ. ಆದ್ದರಿಂದ ಕಾಕಾ ಅವರಿಗೆ ಪ್ರವೇಶದ ವಯಸ್ಸು ಬರಲು ಇನ್ನೂ ಮೂರು ವರ್ಷ ಬೇಕು. ಅಜ್ಜಿ ಹೇಳುವುದೇ ನಿಜವಾಗಿದ್ದರೆ ಕಾಗದದ ಮೇಲೆ 50 ತುಂಬುವ ದಿನ ಅವರ ಸೊಂಟಕ್ಕೆ 53 ದಾಟಿರುತ್ತದೆ, ಗೆಲ್ಲುವ ಐದು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲೇ ಕಳೆದುಹೋಗಿರುತ್ತದೆ. ಕಾಕಾ ಹುಟ್ಟಿದ್ದು 1972ರ ದೊಡ್ಡ ಬರದ ಮುಂಚೆಯೋ ಆಮೇಲೋ ಎಂದು ಅಜ್ಜಿಯನ್ನು ಕೇಳಿ, ಸ್ಕೋರ್ ಕಾರ್ಡುಗಳ ಜತೆ ಅದನ್ನೂ ಬರೆದು ಕಳುಹಿಸಿ.